ಸುತ್ತಿಗೆಯ ಕೆಳಗಿದ್ದ ಜಾಗ

2017ರ ಜನವರಿಯಲ್ಲಿ ತೆಗೆದ ಒಂದು ಫೋಟೊವನ್ನು ಈಗಲೂ ನನ್ನ ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ. ಹೊಳೆನರಸೀಪುರದಿಂದ ಸ್ವಲ್ಪ ದೂರದ ಒಂದು ಹಾಸುಬಂಡೆ. ಎಡಕ್ಕೆ ಬೂದುಬಣ್ಣದ, ಗೆರೆಗೆರೆಯಾದ ನೈಸ್ ಶಿಲೆ. ಬಲಕ್ಕೆ ಕಪ್ಪನೆಯ ಆಂಫಿಬೊಲೈಟ್. ಎಡದಿಂದ ಬಂದು ಆ ಕಪ್ಪು ಕಲ್ಲಿನೊಳಗೆ ನುಗ್ಗಿರುವ, ಅಂಗೈ ಅಗಲದ ಒಂದು ಬಿಳಿ ಎಳೆ. ನಡುವೆ ನನ್ನ ಸುತ್ತಿಗೆ. ಬಂಡೆಯ ಫೋಟೊ ತೆಗೆಯುವಾಗ ಗಾತ್ರ ತಿಳಿಯಲೆಂದು ಪೆನ್ನೋ ನಾಣ್ಯವೋ ಸುತ್ತಿಗೆಯೋ ಇಡುತ್ತೇವೆ. ನಾನು ಇಟ್ಟಿದ್ದು ಸರಿಯಾಗಿ ಬಿಳಿ ಎಳೆ ನೈಸನ್ನು ಸೇರುವ ಜಾಗದ ಮೇಲೆ. ಅರ್ಧ ಅಡಿ ಆಚೆ ಇಟ್ಟಿದ್ದರೆ ನನ್ನ ಪಿಎಚ್.ಡಿ. ಕನಿಷ್ಠ ಎರಡು ವರ್ಷ ಮೊದಲೇ ಮುಗಿಯುತ್ತಿತ್ತು.

ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿ ಕಲ್ಲಿನ ಬಗ್ಗೆ ಮಾತು ಬರುತ್ತಿದ್ದುದು ಬೋರ್‌ವೆಲ್ ಕೊರೆಸುವಾಗ ಮಾತ್ರ. "ಕರಿಕಲ್ಲು ಸಿಕ್ತು, ಇನ್ನು ನೀರಿಲ್ಲ" ಎಂದು ಲಾರಿಯವರು ಹೇಳಿದರೆ ಅಪ್ಪನ ಮುಖ ಇಳಿದುಹೋಗುತ್ತಿತ್ತು. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡೆ, ಆದರೂ ಅದು ನನ್ನದು ಅನ್ನಿಸಿದ್ದು ಎರಡನೇ ವರ್ಷ ಲಾಲ್‌ಬಾಗಿಗೆ ಕರೆದುಕೊಂಡು ಹೋದ ದಿನ. ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಪೆನಿನ್ಸುಲರ್ ನೈಸ್. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಕೊಟ್ಟ ಹೆಸರು ಅದು. ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಅದರ ಮೇಲೆ ಮಕ್ಕಳು ಜಾರುತ್ತಿದ್ದರು, ಯಾರೋ ಸೀಬೆಹಣ್ಣಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದರು. ನಾನು ಚಪ್ಪಲಿ ಬಿಟ್ಟು ನಿಂತೆ. ಬಿಸಿಲಿಗೆ ಕಾದಿದ್ದ ಆ ಕಲ್ಲಿನ ಶಾಖ ಅಂಗಾಲಿಗೆ ತಾಗಿದ್ದು ಇವತ್ತಿಗೂ ನೆನಪಿದೆ.

ಎಂ.ಎಸ್ಸಿ. ಮುಗಿಸಿ, ಎರಡನೇ ಪ್ರಯತ್ನದಲ್ಲಿ ಸಿಎಸ್‌ಐಆರ್ ನೆಟ್ ಪರೀಕ್ಷೆ ಪಾಸಾಗಿ, ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿ, 2016ರಲ್ಲಿ ಸಂಶೋಧನೆಗೆ ಸೇರಿಕೊಂಡೆ. ಆಗ ಫೆಲೋಶಿಪ್ ತಿಂಗಳಿಗೆ 25,000 ರೂಪಾಯಿ. "ಇದು ಓದೋ, ಕೆಲಸವೋ?" ಎಂದು ಅಪ್ಪ ಕೇಳಿದರು. ಎರಡೂ ಅಂದೆ. ಹಣ ತಿಂಗಳು ತಿಂಗಳು ಬರುವುದಿಲ್ಲ, ನಾಲ್ಕೈದು ತಿಂಗಳಿನದು ಒಟ್ಟಿಗೆ ಬರುತ್ತದೆ ಎಂಬುದು ಸೇರಿದ ಮೇಲೆ ಗೊತ್ತಾಯಿತು. ಹಾಸ್ಟೆಲ್ ಮೆಸ್ಸಿನ ಬಾಕಿ, ಫೀಲ್ಡಿಗೆ ಹೋಗುವ ಬಸ್‌ಚಾರ್ಜು, ಕಲ್ಲಿನ ಚೀಲಗಳಿಗೆ ಕೊಡುವ ಲಗೇಜು, ಎಲ್ಲವೂ ಮೊದಲು ನಮ್ಮ ಕೈಯಿಂದಲೇ ಹೋಗಬೇಕು. ಸೇರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ನನಗೆ ಯಾರೂ ಹೇಳಿರಲಿಲ್ಲ.

ಗೈಡ್ ಸರ್ ಕೊಟ್ಟ ಸಮಸ್ಯೆ ಹೇಳುವುದಕ್ಕೆ ಸುಲಭ. ಹೊಳೆನರಸೀಪುರದ ಶಿಸ್ಟ್ ಪಟ್ಟಿ, ಅಂದರೆ ಪದರಗಲ್ಲುಗಳ ಉದ್ದನೆಯ ಪಟ್ಟಿ, ನಕ್ಷೆಯಲ್ಲಿ ತ್ರಿಶೂಲದ ಹಾಗೆ ಕಾಣುತ್ತದೆ. ಅದರೊಳಗೆ ಆಂಫಿಬೊಲೈಟ್, ಬಳಪದ ಕಲ್ಲು, ಬೆಣಚುಶಿಲೆ, ಗಾರ್ನೆಟ್ಟು ಕಯನೈಟು ತುಂಬಿದ ಪದರಗಲ್ಲುಗಳು. ಸುತ್ತಲೂ ನೈಸ್. ಇವೆರಡರಲ್ಲಿ ಯಾವುದು ಮೊದಲು? ಕರ್ನಾಟಕದ ಭೂವಿಜ್ಞಾನದಲ್ಲಿ ಇದು ನೂರು ವರ್ಷಕ್ಕೂ ಹಳೆಯ ಜಗಳ. ಇಂಥ ಪಟ್ಟಿಗಳ ಕಲ್ಲಿಗೆ ಧಾರವಾಡ ಶಿಲೆಗಳು ಎಂಬ ಹೆಸರು ಕೊಟ್ಟ ಭೂವಿಜ್ಞಾನಿ ಬ್ರೂಸ್ ಫೂಟ್, ನೈಸೇ ಅಡಿಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂತಿವೆ ಎಂದಿದ್ದರು. ಸ್ಮೀತ್ ಮತ್ತು ಅವರ ಇಲಾಖೆಯವರು ಇಲ್ಲ, ನೈಸ್ ಕರಗಿದ ಶಿಲಾರಸವಾಗಿ ಆಮೇಲೆ ಬಂದು ಒಳನುಗ್ಗಿತು ಎಂದರು. ಎರಡು ಕಡೆಯವರೂ ಬಂಡೆ ನೋಡಿಯೇ ಹೇಳಿದ್ದರು. ಪದರಗಲ್ಲುಗಳಲ್ಲೇ ಎರಡು ತಲೆಮಾರು ಇವೆ, ಸರಗೂರಿನ ಹಳೆಯವು ಬೇರೆ, ಧಾರವಾಡದ ಈಚಿನವು ಬೇರೆ ಎಂಬುದು ಎಷ್ಟೋ ದಶಕಗಳ ನಂತರ ತಿಳಿಯಾಯಿತು. ಹೊಳೆನರಸೀಪುರದ್ದು ಹಳೆಯ ಗುಂಪಿಗೆ ಸೇರಿದ್ದು. ಅಲ್ಲಿನ ಒಂದು ಸಣ್ಣ ತುಂಡಿನಲ್ಲಿ ಕಪ್ಪು ಕಲ್ಲಿಗೂ ನೈಸಿಗೂ ಏನು ಸಂಬಂಧ ಎಂದು ಕಂಡುಹಿಡಿಯುವುದು ನನ್ನ ಪಾಲಿಗೆ ಬಂದ ಕೆಲಸ.

ಕೋರ್ಸ್‌ವರ್ಕ್, ಅದರ ಪರೀಕ್ಷೆ, ಸಿನಾಪ್ಸಿಸ್, ಇವೆಲ್ಲ ಎಲ್ಲರಿಗೂ ಇರುವಂಥವೇ. ಮನಸ್ಸು ಪೂರ್ತಿ ಫೀಲ್ಡಿನಲ್ಲಿತ್ತು. ನಮ್ಮ ಕಡೆ ಫೀಲ್ಡಿಗೆ ಹೋಗಬೇಕಾದ್ದು ರಾಗಿ ಕೊಯ್ಲಾದ ಮೇಲೆ, ಡಿಸೆಂಬರಿನಿಂದ ಮಾರ್ಚಿನವರೆಗೆ. ಮಳೆಗಾಲದಲ್ಲಿ ಬೆಳೆ, ಹುಲ್ಲು, ಲಂಟಾನ ಎಲ್ಲ ಸೇರಿ ಬಂಡೆಯನ್ನು ಮುಚ್ಚಿಬಿಡುತ್ತವೆ. ಬೆಳಗ್ಗೆ ಆರರ ಬಸ್ಸಿಗೆ ಹೊರಟರೆ ಬಿಸಿಲು ಏರುವುದರೊಳಗೆ ಒಂದು ಸುತ್ತು. ಬೆನ್ನಮೇಲೆ ಸುತ್ತಿಗೆ, ಬ್ರಂಟನ್ ದಿಕ್ಸೂಚಿ, ಕೊರಳಲ್ಲಿ ಹತ್ತು ಪಟ್ಟು ತೋರಿಸುವ ಲೆನ್ಸು, 1:50,000ರ ಟೋಪೊಶೀಟು ನಕ್ಷೆ, ಬಟ್ಟೆಯ ಚೀಲಗಳು, ಎರಡು ಬಾಟಲಿ ನೀರು, ಚಿತ್ರಾನ್ನ. ಹೆಣ್ಣುಹುಡುಗಿ ಒಬ್ಬಳೇ ಬಂಡೆ ಒಡೆಯುತ್ತಿದ್ದರೆ ಜನ ಸೇರದೆ ಇರುತ್ತಾರೆಯೇ? "ಏನವ್ವ, ನಿಧಿ ಐತಾ?" ಎಂದು ಕೇಳುವವರು ಕೆಲವರು. "ಜಮೀನು ತಗೋತಾರಾ, ಸರ್ವೆನಾ?" ಎಂದು ಭಯದಿಂದ ಕೇಳುವವರು ಹೆಚ್ಚು. ಎರಡನೆಯವರಿಗೆ ಕೂತು ಸಮಾಧಾನವಾಗಿ ಉತ್ತರ ಹೇಳಬೇಕು. ಅವರ ಭಯಕ್ಕೆ ಕಾರಣ ಇದೆ.

ಆ ಹಾಸುಬಂಡೆ ಸಿಕ್ಕಿದ್ದು ಹನ್ನೊಂದನೇ ದಿನ. ಕಪ್ಪು ಕಲ್ಲನ್ನು ಸೀಳಿಕೊಂಡು ಹೋದ ಬಿಳಿ ಎಳೆ ಕಂಡಾಗ ಕುಣಿಯುವಷ್ಟು ಖುಷಿಯಾಯಿತು. ಸೀಳಿದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು: ಭೂವಿಜ್ಞಾನದ ಮೊದಲ ಪಾಠವೇ ಇದು. ಬಿಳಿ ಎಳೆ ನೈಸಿನ ಕಡೆಯಿಂದಲೇ ಬಂದಿದೆ, ಆದ್ದರಿಂದ ಅದು ನೈಸಿನದೇ ಕೊಂಬೆ, ಆದ್ದರಿಂದ ನೈಸಿಗಿಂತ ಆಂಫಿಬೊಲೈಟ್ ಹಳೆಯದು. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ. ನೈಸಿನ ವಯಸ್ಸು ತೆಗೆದರೆ ಕಪ್ಪು ಕಲ್ಲು ಅದಕ್ಕಿಂತ ಹಳೆಯದು ಎಂದು ಹೇಳಬಹುದು. ಮಧ್ಯಾಹ್ನ ಎರಡು ಗಂಟೆ, ನೀರು ಮುಗಿದಿತ್ತು. ಸುತ್ತಿಗೆ ಇಟ್ಟು ಫೋಟೊ ತೆಗೆದೆ. ನೈಸಿನ ಕಡೆಯಿಂದ ಹನ್ನೆರಡು ಕಿಲೊ ಕಲ್ಲು ಒಡೆದು ಒಂದೇ ಚೀಲಕ್ಕೆ ತುಂಬಿದೆ. ಎರಡೂ ಒಂದೇ ಕಲ್ಲು ಅಂದುಕೊಂಡಿದ್ದೆನಲ್ಲ, ಬಿಳಿ ಎಳೆಯ ಚೂರುಗಳೂ ಅದರಲ್ಲಿ ಸೇರಿಕೊಂಡವು.

ಇನ್ನು ವಯಸ್ಸು ತೆಗೆಯುವ ಕೆಲಸ. ಜಿರ್ಕಾನ್ ಎಂಬ ಹರಳು ಶಿಲಾರಸದಲ್ಲಿ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಹಾಗಾಗಿ ಅದರೊಳಗೆ ಇವತ್ತು ಇರುವ ಸೀಸವೆಲ್ಲ ಹೆಚ್ಚುಕಡಿಮೆ ಯುರೇನಿಯಂ ಸವೆದು ಆದದ್ದೇ. ಯುರೇನಿಯಂ-238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ಹರಳು ನಡುವೆ ಎಲ್ಲೋ ಸೀಸ ಕಳೆದುಕೊಂಡಿದೆ ಎಂದು ತಿಳಿಯುತ್ತದೆ. ಇಷ್ಟು ಚೊಕ್ಕವಾದ ಉಪಾಯವನ್ನು ಪ್ರಕೃತಿಯೇ ಮಾಡಿಟ್ಟಿದೆ ಎಂದು ಮೊದಲ ಸಲ ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಹತ್ತು ಹನ್ನೆರಡು ಕಿಲೊ ಕಲ್ಲಿನಲ್ಲಿ ಸಿಗುವ ಜಿರ್ಕಾನ್ ಚಿಟಿಕೆಗೂ ಬರುವುದಿಲ್ಲ. ಕಲ್ಲನ್ನು ಜಾ ಕ್ರಷರಿನಲ್ಲಿ ಪುಡಿ ಮಾಡಬೇಕು. ಅದಕ್ಕೆ ಮೊದಲು ಕ್ರಷರಿನ ಹಲ್ಲುಗಳನ್ನು ಉಕ್ಕಿನ ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಅಸಿಟೋನಿನಿಂದ ಒರೆಸಬೇಕು. ಹಿಂದಿನವರ ಕಲ್ಲಿನ ಒಂದು ಹರಳು ಉಳಿದರೂ ನಮ್ಮ ಕಲ್ಲಿಗೆ ಸುಳ್ಳು ವಯಸ್ಸು ಅಂಟಿಕೊಳ್ಳುತ್ತದೆ. ಪುಡಿಯನ್ನು ಜರಡಿ ಹಿಡಿದು ನೀರಿನಲ್ಲಿ ತೊಳೆಯುವುದು ನಮ್ಮೂರಲ್ಲಿ ಅಕ್ಕಿಯ ಕಲ್ಲು ಗಾಳಿಸುವ ಹಾಗೇ. ಆಮೇಲೆ ಬ್ರೊಮೊಫಾರ್ಮ್. ಅದು ನೀರಿಗಿಂತ 2.89 ಪಟ್ಟು ತೂಕದ ದ್ರವ. ಬೆಣಚು, ಫೆಲ್ಡ್‌ಸ್ಪಾರ್ ಅದರಲ್ಲಿ ತೇಲುತ್ತವೆ, ಜಿರ್ಕಾನಿನಂಥ ಭಾರದವು ತಳಕ್ಕೆ ಇಳಿಯುತ್ತವೆ. ಅದರ ಹಬೆ ಒಳ್ಳೆಯದಲ್ಲ, ಫ್ಯೂಮ್ ಹುಡ್ಡಿನೊಳಗೇ ಕೆಲಸ ಮಾಡಬೇಕು. ಸಂಜೆ ಹೊರಗೆ ಬಂದರೂ ಆ ಸಿಹಿಸಿಹಿ ವಾಸನೆ ಮೂಗಿನಲ್ಲೇ ಇರುತ್ತಿತ್ತು. ಕೊನೆಗೆ ಅಯಸ್ಕಾಂತದಿಂದ ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಒಂದೊಂದೇ ಹರಳನ್ನು ಆರಿಸಬೇಕು. ದಿನಕ್ಕೆ ನಲವತ್ತು ಐವತ್ತು ಆರಿಸಿದರೆ ಕತ್ತು ಹಿಡಿದುಕೊಳ್ಳುತ್ತದೆ. ಒಮ್ಮೆ ಸೀನು ಬಂದು ಎರಡು ದಿನದ ಹರಳುಗಳು ಹಾರಿಹೋದವು. ನೆಲದ ಮೇಲೆ ಕೂತು ಅತ್ತೆ. ಜೂನಿಯರ್ ಹುಡುಗ ಏನೂ ಮಾತಾಡದೆ ಟೀ ತಂದಿಟ್ಟು ಹೋದ.

ಹರಳುಗಳನ್ನು ಎಪಾಕ್ಸಿ ಬಿಲ್ಲೆಯಲ್ಲಿ ಕೂರಿಸಿ, ಅರ್ಧಕ್ಕೆ ಸವೆಯುವವರೆಗೆ ಪಾಲಿಶ್ ಮಾಡಿ, ಇನ್ನೊಂದು ರಾಜ್ಯದ ಪ್ರಯೋಗಾಲಯಕ್ಕೆ ರೈಲಿನಲ್ಲಿ ಹೊರಟೆ. ಬಿಲ್ಲೆ ಇದ್ದ ಡಬ್ಬಿಯನ್ನು ರಾತ್ರಿಯಿಡೀ ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಲೇಸರಿನ ಚುಕ್ಕೆ 30 ಮೈಕ್ರಾನ್ ಅಗಲ, ತಲೆಗೂದಲಿನ ಅರ್ಧಕ್ಕೂ ಕಡಿಮೆ. ಅದು ಹರಳಿನಲ್ಲಿ ಗುಳಿ ಕೊರೆಯುತ್ತದೆ, ಹೊಗೆಯಾಗಿ ಎದ್ದ ಪುಡಿಯಲ್ಲಿ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ಯಂತ್ರ ಅಳೆಯುತ್ತದೆ. ನಡುನಡುವೆ, ವಯಸ್ಸು ಮೊದಲೇ ಗೊತ್ತಿರುವ ಹರಳನ್ನು ಅಳೆದು ಯಂತ್ರದ ನಿಯತ್ತು ಪರೀಕ್ಷಿಸುತ್ತಾರೆ. 91500 ಎಂಬ ಸಂಖ್ಯೆಯೇ ಹೆಸರಾಗಿರುವ ಕೆನಡಾದ ಜಿರ್ಕಾನ್ ಅಂಥದ್ದು, 106.5 ಕೋಟಿ ವರ್ಷ. ಎರಡು ರಾತ್ರಿ, ಒಂದು ಹಗಲು ನಮ್ಮ ಸರದಿ.

ಫಲಿತಾಂಶ ಎರಡು ಗುಂಪಾಗಿ ಬಂತು. ಹೆಚ್ಚಿನ ಹರಳುಗಳು ಸುಮಾರು 330 ಕೋಟಿ ವರ್ಷ, ಒಂದಷ್ಟು ಸುಮಾರು 310 ಕೋಟಿ. ಹಳೆಯದು ನೈಸ್ ಹುಟ್ಟಿದ ಕಾಲ, ಈಚಿನದು ಅದು ಮತ್ತೆ ಕಾದು ಮರುಹರಳಾದ ಕಾಲ ಎಂದು ವ್ಯಾಖ್ಯಾನ ಮಾಡಿದೆ. ಗೊರೂರು ಸುತ್ತಿನ ನೈಸಿಗೆ 330 ಕೋಟಿಯ ಆಸುಪಾಸಿನ ವಯಸ್ಸು ಮೊದಲೇ ಗೊತ್ತಿದ್ದುದರಿಂದ ಧೈರ್ಯವೂ ಬಂತು. ಹಾಗಾದರೆ ನನ್ನ ಕಪ್ಪು ಕಲ್ಲು 330 ಕೋಟಿ ವರ್ಷಕ್ಕಿಂತ ಹಳೆಯದು. ದೊಡ್ಡ ಮಾತು. ಒಂದೇ ಒಂದು ವಿಷಯ ಚುಚ್ಚುತ್ತಿತ್ತು. ಮರುಹರಳಾಗಿದ್ದರೆ ಹಳೆಯ ತಿರುಳಿನ ಸುತ್ತ ಹೊಸ ಅಂಚು ಬೆಳೆದಿರಬೇಕು. ನನ್ನ 310 ಕೋಟಿಯ ಹರಳುಗಳು ಹಾಗಿರಲಿಲ್ಲ. ಅವು ಬೇರೆಯೇ ಹರಳುಗಳು, ಒಳಗೆ ಈರುಳ್ಳಿಯ ಪದರದಂಥ ಗೆರೆಗಳು, ಶಿಲಾರಸದಿಂದ ನೇರ ಹುಟ್ಟಿದವುಗಳ ಲಕ್ಷಣ. ನೋಡಿದ್ದೆ. ಪಕ್ಕಕ್ಕೆ ಇಟ್ಟಿದ್ದೆ.

2018ರ ಡಿಸೆಂಬರ್, ವಾರ್ಷಿಕ ಪ್ರಗತಿ ಪರಿಶೀಲನೆ. ಸಮಿತಿಗೆ ಹೊರಗಿನಿಂದ ಬಂದಿದ್ದವರಲ್ಲಿ ಒಬ್ಬರು ನಿವೃತ್ತರು, ಜೀವನವೆಲ್ಲ ನಕ್ಷೆ ಮಾಡಿದವರು. ಕಾಲು ಗಂಟೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಆ ಫೋಟೊ ಇನ್ನೊಂದು ಸಲ ಹಾಕಮ್ಮ" ಅಂದರು. ಹಾಕಿದೆ.

"ಬಿಳಿ ಎಳೆ ನೈಸಿನದೇ ಅಂತ ಹೇಗೆ ಹೇಳ್ತೀಯ?"

"ನೈಸಿನಿಂದಲೇ ಹೊರಟಿದೆ ಸರ್."

"ಹೊರಟಿದೆಯೋ, ನೈಸನ್ನೂ ಕತ್ತರಿಸಿಕೊಂಡು ಬಂದಿದೆಯೋ? ಆ ಜಾಗದಲ್ಲಿ ನಿನ್ನ ಸುತ್ತಿಗೆ ಇದೆಯಲ್ಲ."

ಉತ್ತರ ಇರಲಿಲ್ಲ. ನೋಟ್‌ಬುಕ್ ತೆರೆದೆ. ಅಲ್ಲಿನ ಚಿತ್ರದಲ್ಲೂ ಆ ಮೂಲೆ ಖಾಲಿ. ಅವರು ಗದರಲಿಲ್ಲ. "ಹೋಗಿ ನೋಡಿಕೊಂಡು ಬಾ, ಬಂಡೆ ಎಲ್ಲಿಗೂ ಹೋಗಲ್ಲ" ಅಂದರು.

ಬಂಡೆ ಹೋಗಿತ್ತು. ಜನವರಿಯಲ್ಲಿ ಜಿಪಿಎಸ್ ಹಿಡಿದು ಅದೇ ಜಾಗಕ್ಕೆ ಬಂದರೆ ಕಾಲ ಕೆಳಗೆ ಇಪ್ಪತ್ತು ಅಡಿ ಗುಂಡಿ, ತಳದಲ್ಲಿ ಹಸಿರು ನೀರು. ಎರಡು ವರ್ಷದಲ್ಲಿ ಒಡೆದು, ಲಾರಿಗೆ ತುಂಬಿ, ಕ್ರಷರಿಗೆ ಹೊಡೆದಿದ್ದರು. ಮುನ್ನೂರು ಕೋಟಿ ವರ್ಷ ಇದ್ದ ಸಾಕ್ಷಿ ಯಾವುದೋ ರಸ್ತೆಯ ಜಲ್ಲಿಯಾಗಿತ್ತು. ರಸ್ತೆಯೂ ಬೇಕು, ಕಲ್ಲು ಒಡೆಯುವವರಿಗೆ ಕೂಲಿಯೂ ಬೇಕು, ಒಪ್ಪುತ್ತೇನೆ. ಆದರೂ ಹೇಳಲೇಬೇಕು: ಲಾಲ್‌ಬಾಗಿನ ಬಂಡೆಗೆ, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಕ್ಕೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಹೆಸರಿದೆ. ಹೆಸರಿಲ್ಲದ ಹಾಸುಬಂಡೆಗಳಲ್ಲಿ ಏನೇನು ಬರೆದಿತ್ತೋ, ಓದುವುದರೊಳಗೆ ಹೋಗುತ್ತಿವೆ. ಗುಂಡಿಯ ಅಂಚಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ನೈಸೂ ಕಪ್ಪು ಕಲ್ಲೂ ಸೇರುವ ಆ ಸಂಪರ್ಕರೇಖೆ ಸುಮಾರಾಗಿ ಉತ್ತರ–ದಕ್ಷಿಣವಾಗಿ ಓಡುತ್ತದೆ. ಅದೇ ದಿಕ್ಕಿನಲ್ಲಿ ಮೂರು ವಾರ ಹೊಲ ಹೊಲ ತಿರುಗಿದೆ. ಎಲ್ಲ ಕಡೆ ಮಣ್ಣು, ಗರಸು. ಒಂದು ತೆಂಗಿನ ತೋಟದಲ್ಲಿ ನೀರು ಕೇಳಲು ನಿಂತಾಗ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟು, ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಹೇಳಿದೆ. ಕಪ್ಪು ಕಲ್ಲು, ಬೂದು ಕಲ್ಲು, ನಡುವೆ ಬಿಳೀದು.

"ನಮ್ಮೆಜಮಾನ್ರು ಬಾವಿ ತೋಡ್ಸ್ದಾಗ ಹಂಗೇ ಬಂದಿತ್ತು ಕಣವ್ವ. ಒಂದ್ ಮಗ್ಗುಲಿಗೆ ಕರಿಕಲ್ಲು, ಒಂದ್ ಮಗ್ಗುಲಿಗೆ ಬೂದಿಕಲ್ಲು. ಬೆಣಚು ಅಡ್ಡ ಹಾದೋಗೈತೆ. ಇಳಿದು ನೋಡು, ನೀರ್ ಬತ್ತಿ ಎಷ್ಟೋ ವರ್ಷ ಆಯ್ತು."

ಸುತ್ತಲೂ ಬೋರ್‌ವೆಲ್ ಬಂದ ಮೇಲೆ ಬತ್ತಿದ ಬಾವಿ ಅದು. ಮೂವತ್ತೈದು ಅಡಿ ಆಳ, ಗೋಡೆಯಿಂದ ಚಾಚಿಕೊಂಡ ಕಲ್ಲುಮೆಟ್ಟಿಲುಗಳಲ್ಲಿ ಅರ್ಧ ಮುರಿದಿದ್ದವು. ಮರುದಿನ ಜೂನಿಯರನ್ನು ಕರೆದುಕೊಂಡು ಹಗ್ಗ, ಹೆಲ್ಮೆಟ್ ಸಮೇತ ಹೋದೆ. ಅಜ್ಜಿಯ ಮಗ ಮೊದಲು ದೀಪ ಹಚ್ಚಿ ಇಳಿಬಿಟ್ಟು ನೋಡಿದರು, ಆರಲಿಲ್ಲ, ಗಾಳಿ ಸರಿ ಇದೆ ಎಂದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ಹದಿನೆಂಟು ಅಡಿಯಲ್ಲಿ ಪಾಚಿ ಒಣಗಿ ಕಪ್ಪಾಗಿದ್ದ ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ ನೀರು ಎರಚಿದೆ.

ಅಷ್ಟೂ ಇತ್ತು. ನೈಸಿನ ಬೂದು ಗೆರೆಗಳು ಓರೆಯಾಗಿ ಇಳಿಯುತ್ತಿದ್ದವು. ಬಿಳಿ ಎಳೆ ಆ ಗೆರೆಗಳನ್ನು ಒಂದೊಂದಾಗಿ ಕತ್ತರಿಸಿಕೊಂಡು ಬಂದು, ಹಾಗೆಯೇ ಮುಂದುವರಿದು, ಕಪ್ಪು ಕಲ್ಲಿನೊಳಗೆ ಹೊಕ್ಕಿತ್ತು. ಅದು ನೈಸಿನ ಕೊಂಬೆಯಲ್ಲ. ಎರಡನ್ನೂ ಸೀಳಿದ ಮೂರನೆಯದು, ಎಲ್ಲಕ್ಕಿಂತ ಈಚಿನದು. ನೈಸ್ ಮತ್ತು ಕಪ್ಪು ಕಲ್ಲಿನ ನಡುವಿನ ಗಡಿಯಾದರೋ ಎರಡೂ ಒಟ್ಟಿಗೆ ಮಡಿಚಿ, ಒತ್ತಿಹೋಗಿ, ಯಾವುದು ಯಾವುದನ್ನು ಸೀಳಿದ್ದು ಎಂದು ಹೇಳಲಾಗದ ಹಾಗೆ ಅಕ್ಕಪಕ್ಕ ಮಲಗಿತ್ತು. ನನ್ನ ದೊಡ್ಡ ಮಾತು ಅಲ್ಲೇ, ಹಗ್ಗದಲ್ಲಿ ನೇತಾಡುತ್ತಿರುವಾಗಲೇ ಬಿದ್ದುಹೋಯಿತು. ವಿಚಿತ್ರವೆಂದರೆ ದುಃಖವಾಗಲಿಲ್ಲ. ಇಷ್ಟು ದಿನ ಚುಚ್ಚುತ್ತಿದ್ದ ಆ ಈರುಳ್ಳಿ ಗೆರೆಯ ಹರಳುಗಳು ಈಗ ತಮ್ಮ ಮನೆ ಸೇರಿದ್ದವು. "ಅಕ್ಕಾ, ಏನಾಯ್ತು?" ಎಂದು ಜೂನಿಯರ್ ಮೇಲಿಂದ ಕೂಗಿದ. ಮಂಕರಿ ಇಳಿಸು ಅಂದೆ.

ಈ ಸಲ ಉಳಿ ಹಿಡಿದು ಬೇರೆಬೇರೆಯಾಗಿ ತೆಗೆದೆ. ನೈಸ್ ಒಂಬತ್ತು ಕಿಲೊ, ಬಿಳಿ ಎಳೆ ಆರು ಕಿಲೊ, ಕಪ್ಪು ಕಲ್ಲು ನಾಲ್ಕು ಚೀಲ. ಪ್ರತಿ ಚೀಲದ ಒಳಗೊಂದು ಹೊರಗೊಂದು ಚೀಟಿ. ಮತ್ತೆ ಕ್ರಷರ್, ಬ್ರೊಮೊಫಾರ್ಮ್, ಸೂಜಿ. ಲೇಸರಿಗೆ ಸರದಿ ಸಿಕ್ಕಿದ್ದು 2020ರ ಏಪ್ರಿಲಿಗೆ. ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಊರಿಗೆ ಹೋದೆ. ಆ ತಿಂಗಳುಗಳಲ್ಲಿ ಮನೆಯಲ್ಲಿ ಮದುವೆಯ ಮಾತು ಎಷ್ಟು ಸಲ ಬಂತೋ. ಅಮ್ಮ ಮಾತ್ರ ಒಂದು ದಿನ ಅವರೆಕಾಯಿ ಸುಲಿಯುತ್ತಾ, "ಮುಗಿಸಿಯೇ ಬಾ, ಅರ್ಧಕ್ಕೆ ಬಿಟ್ಟರೆ ನಿನಗೆ ಯಾವುದೂ ರುಚಿಸಲ್ಲ" ಅಂದಳು. 2021ರ ಜನವರಿಯಲ್ಲಿ ಮತ್ತೆ ರೈಲು ಹತ್ತಿದೆ. ನೈಸಿನ ಹರಳುಗಳೆಲ್ಲ 330 ಕೋಟಿಯ ಆಸುಪಾಸು. ಬಿಳಿ ಎಳೆಯವು 310 ಕೋಟಿ. ನಡುವೆ ನಾಲ್ಕು ಮಾತ್ರ 330, ಶಿಲಾರಸ ಏರುವಾಗ ನೈಸಿನಿಂದ ಕಿತ್ತುಕೊಂಡು ಬಂದವು. ಆದ್ದರಿಂದ ಕಪ್ಪು ಕಲ್ಲು 310 ಕೋಟಿ ವರ್ಷಕ್ಕಿಂತ ಹಳೆಯದು ಎಂದು ಹೇಳಬಹುದು. ನೈಸಿಗಿಂತ ಹಳೆಯದೋ ಅಲ್ಲವೋ, ಈ ಜಾಗದಲ್ಲಿ ಹೇಳಲಾಗದು. ಇಪ್ಪತ್ತು ಕೋಟಿ ವರ್ಷ ಕಡಿಮೆ, ಆದರೆ ಕೈಯಿಟ್ಟು ತೋರಿಸಬಲ್ಲ ಮಾತು.

ಲೇಖನ ಒಂದು ಕಡೆ ತಿರಸ್ಕೃತವಾಗಿ ಇನ್ನೊಂದು ಕಡೆ ಒಪ್ಪಿಗೆಯಾಯಿತು. ಪ್ರಬಂಧ ಬರೆಯುವುದಕ್ಕೆ ಒಂಬತ್ತು ತಿಂಗಳು, ಅದರಲ್ಲಿ ನಕಲು ಇದೆಯೇ ಎಂಬ ಪರೀಕ್ಷೆ, ಪರೀಕ್ಷಕರ ವರದಿಗೆ ಏಳು ತಿಂಗಳ ಕಾಯುವಿಕೆ. 2023ರ ಫೆಬ್ರವರಿಯಲ್ಲಿ ಬಹಿರಂಗ ವೈವಾ. ಸುತ್ತಿಗೆಯ ಫೋಟೊ, ಬಾವಿಯ ಫೋಟೊ ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿದ್ದೆ. ಹಿಂದಿನ ಸಾಲಿನಲ್ಲಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಕೂತಿದ್ದರು. ಮುಗಿದ ಮೇಲೆ, "ಆ ಬಾವಿ ಯಾರದ್ದು?" ಎಂಬುದೊಂದೇ ಅವರ ಪ್ರಶ್ನೆ.

ಮುಂದಿನ ತಿಂಗಳು ಬಾವಿಯ ಫೋಟೊಗೆ ಕಟ್ಟು ಹಾಕಿಸಿಕೊಂಡು ಅಜ್ಜಿಯ ಮನೆಗೆ ಹೋದೆ. ಅವರು ಅದನ್ನು ಯಜಮಾನರ ಫೋಟೊ ಪಕ್ಕದಲ್ಲಿ ಇಟ್ಟರು. ಆಮೇಲೆ, "ಮಗ ಬಾವಿ ಮುಚ್ಚಿಸ್ತೀನಿ ಅಂತಾನೆ, ದನ ಗಿನ ಬೀಳ್ತವೆ ಅಂತ. ನಿಂದು ಮುಗೀತಾ ಇಲ್ವಾ?" ಎಂದು ಕೇಳಿದರು. ಕಪ್ಪು ಕಲ್ಲಿನ ನಾಲ್ಕು ಚೀಲ ಪ್ರಯೋಗಾಲಯದ ಮೂಲೆಯಲ್ಲಿ ಹಾಗೇ ಇವೆ. ಅದರಲ್ಲಿ ಜಿರ್ಕಾನ್ ಸಿಗುವುದು ಕಷ್ಟ, ಸಮೇರಿಯಂ–ನಿಯೋಡಿಮಿಯಂ ಎಂಬ ಇನ್ನೊಂದು ಜೋಡಿ ಧಾತುಗಳ ಲೆಕ್ಕದಿಂದ ವಯಸ್ಸು ತೆಗೆಯಬೇಕು. ಅದು ಮುಂದಿನ ಕೆಲಸ. ಮಗನ ಹತ್ತಿರ ಒಂದು ವಾರ ಸಮಯ ಕೇಳಿದೆ. ನಾಲ್ಕು ದಿನ ಇಳಿದು ಹತ್ತಿ, ಗೋಡೆಯನ್ನು ತಳದವರೆಗೆ ತೊಳೆದು, ಅಡಿ ಅಡಿಗೂ ಫೋಟೊ ತೆಗೆದೆವು. ಅಳತೆಯ ಟೇಪನ್ನು ಜೂನಿಯರ್ ಗೋಡೆಯ ಅಂಚಿಗೆ, ಕಲ್ಲಿನ ಯಾವ ಗೆರೆಗೂ ತಾಗದ ಹಾಗೆ ಹಿಡಿದುಕೊಂಡಿದ್ದ.